ಕಾದಂಬರಿಗೂ ಒಂದು ಕಾಲಪ್ರಮಾಣ

ಯಕ್ಷಗಾನದ ಪ್ರಸಂಗ ಪುಸ್ತಕ ಬಿಡಿಸಿದರೆ ಪ್ರತಿ ಪದ್ಯದ ನೆತ್ತಿಯ ಮೇಲೆ ಎರಡು ಹೆಸರು, ರಾಗದ್ದೊಂದು, ತಾಳದ್ದೊಂದು: ಕಾಂಬೋಧಿ – ಝಂಪೆ, ಸೌರಾಷ್ಟ್ರ – ತ್ರಿವುಡೆ, ಮಾರವಿ – ಏಕ. ವೇಷಧಾರಿಯ ಮಾತು ಅದರಲ್ಲಿಲ್ಲ. ‘ಅರ್ಥ’ ಎಂದು ಕರೆಯುವ ಆ ಮಾತು ರಂಗದಲ್ಲೇ ಹುಟ್ಟಬೇಕು. ಕೂತಲ್ಲೇ ಓದಿ ಮುಗಿಸಬಹುದಾದ ಈ ಪುಸ್ತಕ ಉಡುಪಿ ಕಡೆಯ ಗದ್ದೆಯಲ್ಲಿ ಬೆಳಗಿನವರೆಗೆ ಆಟವಾಗುತ್ತದೆ. ಕಾಲಮಿತಿಯ ಆಟದಲ್ಲಿ ಅದೇ ಪ್ರಸಂಗಕ್ಕೆ ನಡುರಾತ್ರಿಯೊಳಗೆ ಮಂಗಳ. ಕಥೆ ಎಷ್ಟಿದೆ ಎನ್ನುವುದು ಬೇರೆ, ಅದು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಬೇರೆ. ಎರಡನ್ನೂ ಹೊಂದಿಸುವವರು ಪದ್ಯ ಹಾಡುತ್ತ ಆಟ ನಡೆಸುವ ಭಾಗವತರು. ಕಾದಂಬರಿಯಲ್ಲಿ ಆ ಭಾಗವತಿಕೆ ಲೇಖಕನದ್ದೇ.

‘ಸಂಗೀತಮಯ ಗದ್ಯ’ ಎಂದು ಹೊಗಳುವವರ ಮನಸ್ಸಿನಲ್ಲಿ ಇರುವುದು ಹೆಚ್ಚಾಗಿ ಪದಗಳ ಇಂಪು. ಕಾದಂಬರಿಯ ಕಟ್ಟಡಕ್ಕೆ ಇಂಪಿನಿಂದ ಸಿಗುವುದು ಅಷ್ಟಕ್ಕಷ್ಟೆ. ನಿಜವಾಗಿ ಒದಗುವುದು ಕಾಲದ ಲೆಕ್ಕ.

ಪಿಯಾನೋ ವಾದಕನ ಮಗ, ಜೆಕ್ ಕಾದಂಬರಿಕಾರ ಮಿಲನ್ ಕುಂದೇರಾ ತನ್ನ ‘ಲೈಫ್ ಈಸ್ ಎಲ್ಸ್‌ವೇರ್’ನ ಏಳು ಭಾಗಗಳಿಗೂ ಗತಿಯ ಹೆಸರು ಕೊಟ್ಟು ವಿವರಿಸಿದ್ದಾನೆ. ಮೊದಲ ಭಾಗ 71 ಪುಟ, 11 ಅಧ್ಯಾಯ: ಮಧ್ಯಮ ಗತಿ. ನಾಲ್ಕನೆಯದು 30 ಪುಟಕ್ಕೆ 25 ಅಧ್ಯಾಯ: ಅತಿ ದ್ರುತ. ಆರನೆಯದು 26 ಪುಟ, 17 ಅಧ್ಯಾಯ. ಇದೂ ಓಡಬೇಕಿತ್ತಲ್ಲ? ಆದರೆ ಅವನು ಅದನ್ನು ಕರೆದದ್ದು ಅಡಾಜಿಯೋ, ಅಂದರೆ ವಿಳಂಬ, ನಿಧಾನ ಗತಿ. ಐದನೆಯ ಭಾಗದ 96 ಪುಟದಲ್ಲಿ ಒಂದು ವರ್ಷವೇ ಕಳೆಯುತ್ತದೆ, ಪುಟಕ್ಕೆ ಸುಮಾರು ನಾಲ್ಕು ದಿನ. ಆರನೆಯದರಲ್ಲಿ ಕಳೆಯುವುದು ಕೆಲವೇ ಗಂಟೆ, ಪುಟಕ್ಕೆ ಕೆಲವೇ ನಿಮಿಷ. ವೇಗ ಬರಲೆಂದು ಅಧ್ಯಾಯಗಳನ್ನು ಕತ್ತರಿಸುತ್ತ ಹೋಗುವವರು ಎಡವುವುದು ಇಲ್ಲೇ. ಅಧ್ಯಾಯದ ಕೊನೆಯ ಖಾಲಿ ಜಾಗದಲ್ಲಿ ಓದುಗ ಉಸಿರು ಬಿಡುತ್ತಾನೆ. ಒಳಗೆ ಕಥೆಯ ಗಡಿಯಾರ ಓಡದಿದ್ದರೆ ಹದಿನೇಳು ಅಧ್ಯಾಯವೆಂದರೆ ಹದಿನೇಳು ನಿಲುಗಡೆ.

ಬಹುದನಿಯ ಕಥೆ ಇನ್ನೂ ಕಷ್ಟ. ಪಾಶ್ಚಾತ್ಯ ಸಂಗೀತದ ಫ್ಯೂಗ್‌ನಲ್ಲಿ ಮೂರು ನಾಲ್ಕು ದನಿ ಒಟ್ಟಿಗೇ ಕೇಳುತ್ತವೆ, ಕಣ್ಣಾದರೋ ಒಮ್ಮೆಗೆ ಒಂದೇ ಸಾಲು ಓದೀತು. ಹಾಗಾಗಿ ಕಾದಂಬರಿ ಫ್ಯೂಗ್ ಆಗಲಾರದು. ಆದರೆ ಜರ್ಮನ್ ಸಂಗೀತಕಾರ ಬಾಖ್ ಒಂಟಿ ಪಿಟೀಲಿಗೆ ಬರೆದ ಕೃತಿಗಳಲ್ಲಿ ಒಂದು ಉಪಾಯವಿದೆ: ಸ್ವರಗಳು ಒಂದಾದ ಮೇಲೊಂದು ಬಂದರೂ ಮೇಲಕ್ಕೂ ಕೆಳಕ್ಕೂ ಜಿಗಿಯುವುದರಿಂದ ಕಿವಿಗೆ ಇಬ್ಬರು ನುಡಿಸಿದಂತೆ ಕೇಳುತ್ತದೆ. ಶ್ರವಣ ವಿಜ್ಞಾನ ಇದಕ್ಕೆ ಎರಡು ಷರತ್ತು ಕಂಡುಕೊಂಡಿದೆ. ಸ್ವರಗಳ ಅಂತರ ದೊಡ್ಡದಿರಬೇಕು, ಅದಲುಬದಲು ಚುರುಕಾಗಿರಬೇಕು. ಸೆಕೆಂಡಿಗೆ ಹತ್ತರಂತೆ ಬಂದರೆ ಎರಡು ಧಾರೆಯಾಗಿ ಒಡೆಯುತ್ತದೆ. ನಿಧಾನಿಸಿದರೆ ಒಂದೇ ಕುಣಿಯುವ ರಾಗ.

ಗದ್ಯಕ್ಕೆ ಇದನ್ನು ಹೋಲಿಕೆಯಾಗಿ ಮಾತ್ರ ತರಬಹುದು, ಆದರೂ ಉಪಯೋಗಕ್ಕೆ ಬರುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್‌ ನಿಲ್ದಾಣದಿಂದ ಹೊರಟ ಸಿಟಿ ಬಸ್ಸಿನ ಕಂಡಕ್ಟರೂ, ‘ಹ್ವಾಯ್’ ಎಂದು ಕೂಗುವ ಕುಂದಾಪುರದ ಅಜ್ಜಿಯೂ ಇಬ್ಬರು ನಿರೂಪಕರು ಎನ್ನಿ. ಇಬ್ಬರೂ ಪಠ್ಯಪುಸ್ತಕದ ಕನ್ನಡವನ್ನೇ ಆಡಿದರೆ ಅಂತರ ಸಾಲದು, ದನಿ ಒಂದೇ ಆಗುತ್ತದೆ. ಅಜ್ಜಿ ಅರುವತ್ತು ಪುಟಕ್ಕೊಮ್ಮೆ ಬಂದರೆ ಅದಲುಬದಲು ಸಾಲದು, ಓದುಗ ಅವಳನ್ನು ಮರೆತಿರುತ್ತಾನೆ.

ಇನ್ನು ಮುಕ್ತಾಯ. ಕರ್ನಾಟಕ ಸಂಗೀತದ ಆದಿತಾಳ 8 ಎಣಿಕೆ, ಎಣಿಕೆಗೆ 4ರಂತೆ 32 ಮಾತ್ರೆ. 6 ಮಾತ್ರೆಯ ಒಂದು ನುಡಿಯನ್ನು ಮೂರು ಸಲ, ನಡುವೆ ಎರಡೆರಡು ಮಾತ್ರೆ ಬಿಟ್ಟು ಬಾರಿಸಿದರೆ 22 ಆಯಿತು. 10 ಮಾತ್ರೆ ಕಳೆದು ಎತ್ತಿಕೊಂಡರೆ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ನಿಲ್ಲುತ್ತದೆ. ಒಂದು ಮಾತ್ರೆ ತಡವಾದರೂ ಸಮ ತಪ್ಪುತ್ತದೆ. ಲೆಕ್ಕ ಕೊನೆಯಿಂದ ಹಿಂದಕ್ಕೆ. ಕಾದಂಬರಿಯಲ್ಲಿ ಮರಳಿ ಬರುವ ಚಿತ್ರಕ್ಕೂ, ಬಾವಿಕಟ್ಟೆಯ ಮೇಲೆ ಕವುಚಿಟ್ಟ ಕೊಡಪಾನ ಎನ್ನಿ, ಇದೇ ಕ್ರಮ. ಮೊದಲು ಮೂರನೆಯ ಸಲದ ಜಾಗ ಗೊತ್ತು ಮಾಡಿ, ಆಮೇಲೆ ಎರಡನೆಯದು, ಕೊನೆಗೆ ಮೊದಲನೆಯದು. ಮೊದಲ ಸಲ ಕೊಡಪಾನ ಬರೀ ಕೊಡಪಾನವಾಗಿರಲಿ. ಅಲ್ಲೇ ಅರ್ಥ ತುಂಬಿದರೆ ಮೂರನೆಯ ಹೊತ್ತಿಗೆ ಬೋರು. ಮೂರನೆಯ ಸಲ ಬಿದ್ದ ಮೇಲೂ ಹತ್ತು ಪುಟ ಕಥೆ ಉಳಿದಿದ್ದರೆ ಆ ಪುಟಗಳನ್ನು ಕೊಡಪಾನಕ್ಕಿಂತ ಮೊದಲೇ ತರಬೇಕು, ಇಲ್ಲವೇ ತೆಗೆದುಹಾಕಬೇಕು.