ಉಕ್ಕಿಗೆ ಕೇಪುಳದ ಕೆಂಪು ಸಾಕು

ಉಡುಪಿ, ಮಂಗಳೂರು ಕಡೆಯ ಕುಲುಮೆಗಳಲ್ಲಿ ಒಳ್ಳೆಯ ಕತ್ತಿ ಇವತ್ತಿಗೂ ಹುಟ್ಟುವುದು ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ. ಆ ಪ್ಲೇಟಿನಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟು. ಹಳದಿ ಬಣ್ಣಕ್ಕೆ ಕಾಯಿಸಿ ಬಡಿದರೂ ತಡೆದುಕೊಳ್ಳುತ್ತದೆ. ಹೀಗೆ ಪಳಗಿದ ಆಚಾರಿಯ ಕೈಗೆ ಹಿಂದಿನ ಕಾಲದ ಮೂಸೆಯ ಉಕ್ಕನ್ನು, ಅಂದರೆ ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿ ಕರಗಿಸಿದ ಉಕ್ಕನ್ನು ಕೊಟ್ಟು, ಅದೇ ಹಳದಿಗೆ ಕಾಯಿಸಿ ಬಡಿಸಿದರೆ ಅಚ್ಚುಬೆಲ್ಲದ ಹಾಗೆ ಚೂರಾಗುತ್ತದೆ. ಕೈಯ ತಪ್ಪಲ್ಲ, ಶಾಖದ್ದು. ಕತ್ತಿವಿದ್ಯೆಯಲ್ಲಿ ನಾವು ಕಳೆದುಕೊಂಡದ್ದರಲ್ಲಿ ದೊಡ್ಡ ಪಾಲು ಈ ಶಾಖದ ಹದವೇ.

1795ರಲ್ಲಿ ಇಂಗ್ಲಿಷ್ ವೈದ್ಯ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಲೋಹದ ಬಗ್ಗೆ ಬರೆದಾಗ ಅದನ್ನು ‘ವೂಟ್ಜ್’ ಎಂದು ಕರೆದರು. ನಮ್ಮ ‘ಉಕ್ಕು’ ಬಾಯಿಂದ ಬಾಯಿಗೆ ಸಾಗಿ ಹಾಗಾಯಿತೆಂಬುದು ಹೆಚ್ಚಿನ ವಿದ್ವಾಂಸರ ಮಾತು. ವಿಜ್ಞಾನಿ ಮೈಕಲ್ ಫ್ಯಾರಡೆ ಕೂಡ ಇದನ್ನು ಕರಗಿಸಿ ನೋಡಿದವರೇ. ಈ ಉಕ್ಕಿನ ಕತ್ತಿಗಳಿಗಿದ್ದ ‘ಡಮಾಸ್ಕಸ್’ ಹೆಸರಿನಲ್ಲಿ ಈಗ ಆನ್‌ಲೈನ್‌ನಲ್ಲಿ ಸಿಗುವ ಚಾಕುಗಳು ಬಹುಪಾಲು ಎರಡು ಬಗೆಯ ಸ್ಟೀಲಿನ ಪದರಗಳನ್ನು ಬೆಸೆದು ಮಾಡಿದವು. ಅದೂ ಶ್ರಮದ ಕೆಲಸವೇ, ಆದರೆ ಮೂಸೆಯ ಉಕ್ಕು ಅಲ್ಲ. ಉಕ್ಕಿನ ಮೈಮೇಲಿನ ನೀರಲೆಯಂಥ ಗೆರೆ ಒಂದೇ ಗಟ್ಟಿಯ ಒಳಗಿನಿಂದ ಮೂಡಬೇಕು.

ಆ ಗೆರೆಯ ಗುಟ್ಟು ಬಿಡಿಸಿದ್ದು ಅಮೆರಿಕದ ಲೋಹವಿಜ್ಞಾನಿ ಜಾನ್ ವೆರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ. ಶೇ. 1.5ರಷ್ಟು ಇಂಗಾಲವಿರುವ ಉಕ್ಕಿನಲ್ಲಿ ಶೇ. 0.004ರಷ್ಟು ವೆನೇಡಿಯಂ ಎಂಬ ಲೋಹ ಇದ್ದರೂ ಗೆರೆ ಮೂಡಲು ಸಾಕೆಂದು 1998ರಲ್ಲಿ ಅವರು ತೋರಿಸಿದರು. ಕರಗಿದ ಉಕ್ಕು ಗಟ್ಟಿಯಾಗುವಾಗ ಮರದ ಕೊಂಬೆಗಳಂತೆ ಹರಳು ಕವಲೊಡೆಯುತ್ತದೆ. ವೆನೇಡಿಯಂ ಆ ಕವಲುಗಳ ಸಂದಿಯಲ್ಲಿ ಉಳಿಯುತ್ತದೆ. ಬಡಿಯುತ್ತ ಹೋದಂತೆ ಸಂದಿಗಳು ಚಪ್ಪಟೆಯಾಗಿ ಪದರವಾಗುತ್ತವೆ. ಕಾಯಿಸಿ ತಣಿಸುವ ಪ್ರತಿ ಸುತ್ತಿನಲ್ಲೂ ಸಿಮೆಂಟೈಟ್ ಎಂಬ ಗಡಸು ಕಾರ್ಬೈಡಿನ (ಕಬ್ಬಿಣ, ಇಂಗಾಲ ಕೂಡಿದ ಸಂಯುಕ್ತದ) ಕಣಗಳು ಅಲ್ಲೇ ಸೇರಿಕೊಳ್ಳುತ್ತವೆ. ಅದಿರು ಬದಲಾಗಿ ಈ ಚಿಟಿಕೆ ವೆನೇಡಿಯಂ ಇಲ್ಲವಾದರೆ, ಕೈಚಳಕ ಎಷ್ಟಿದ್ದರೂ ಗೆರೆ ಏಳದು. 2006ರಲ್ಲಿ ಡ್ರೆಸ್ಡನ್‌ನ ವಿಜ್ಞಾನಿಗಳು ಇಂಥ ಒಂದು ಕತ್ತಿಯಲ್ಲಿ ಇಂಗಾಲದ ನ್ಯಾನೊಕೊಳವೆ ಕಂಡ ಸುದ್ದಿಗೆ ಪ್ರಚಾರ ಜಾಸ್ತಿ ಸಿಕ್ಕಿತು; ಬರಿಗಣ್ಣಿಗೆ ಕಾಣುವ ಗೆರೆ ಮಾತ್ರ ಈ ಕಾರ್ಬೈಡಿನದ್ದು.

ಇನ್ನು ಮೂಸೆ. ನೇತ್ರಾವತಿ ದಂಡೆಯ ಹಂಚಿನ ಮಣ್ಣು ಕೈಗೆ ಸಿಗುತ್ತದೆಂದು ಅದರಲ್ಲೇ ಮಾಡಿದರೆ ಕೆಡುತ್ತದೆ. ಹಂಚನ್ನು ಕೆಂಪಾಗಿಸುವ ಕಬ್ಬಿಣದ ಆಕ್ಸೈಡೇ ಹೆಚ್ಚಿನ ಶಾಖದಲ್ಲಿ ಮಣ್ಣನ್ನು ಮೆತ್ತಗಾಗಿಸುತ್ತದೆ; ನಮಗೆ ಬೇಕಾದದ್ದು 1450 ಡಿಗ್ರಿ ಸೆಲ್ಸಿಯಸ್. ಬಿಳಿ ಜೇಡಿಗೆ ಭತ್ತದ ಉಮಿ ಧಾರಾಳವಾಗಿ ಕಲಸಬೇಕು. ಉಮಿ ಸುಟ್ಟು ಉಳಿಯುವ ಸಿಲಿಕಾ ಮತ್ತು ಇಂಗಾಲ ಗೋಡೆಗೆ ಬಲ ಕೊಡುತ್ತವೆ. ದಕ್ಷಿಣ ಭಾರತದ ಹಳೆಯ ಮೂಸೆಗಳಲ್ಲೂ ಈ ಉಮಿಯ ಗುರುತಿದೆ. ಕರಾವಳಿಯ ಮಳೆಗಾಲದಲ್ಲಿ ಒಣಗಿದ ಮೂಸೆಯೂ ತೇವ ಎಳೆದುಕೊಳ್ಳುತ್ತದೆ. ಬೆಂಕಿಗಿಡುವ ಮುನ್ನ ನಿಧಾನ ಬಿಸಿ ಮಾಡದಿದ್ದರೆ ಒಳಗಿನ ನೀರು ಆವಿಯಾಗಿ ಗೋಡೆ ಸೀಳುತ್ತದೆ, ಕಾದ ಉಕ್ಕು ಕುಲುಮೆಗೆ ಹರಿಯುತ್ತದೆ.

ಒಂದು ಕಿಲೊ ಶುದ್ಧ ಕಬ್ಬಿಣದ ಚೂರುಗಳಿಗೆ 18ರಿಂದ 20 ಗ್ರಾಂ ಗೆರಟೆ ಇದ್ದಿಲು, ಅರ್ಧದಷ್ಟು ವೆನೇಡಿಯಂ ಇರುವ ಫೆರೋವೆನೇಡಿಯಂ ಮಿಶ್ರಲೋಹ 0.2 ಗ್ರಾಂ, ಮೇಲೆ ಒಂದು ಹಿಡಿ ಗಾಜಿನ ಪುಡಿ. ಗಾಜು ಕರಗಿ ಕೆನೆಯಂತೆ ಮುಚ್ಚಿಕೊಂಡು ಗಾಳಿ ತಾಗದಂತೆ ಕಾಯುತ್ತದೆ. ಹಿಂದಿನವರು ಇದ್ದಿಲಿನ ಬದಲು ತಂಗಡಿ ಕಟ್ಟಿಗೆ, ಎಕ್ಕದ ಎಲೆ ಹಾಕುತ್ತಿದ್ದರು. ಮುಚ್ಚಳಕ್ಕೆ ಸಣ್ಣ ತೂತು ಬಿಡಬೇಕು, ಹೊಗೆಗೆ ದಾರಿ ಬೇಕಲ್ಲ. ಪೂರ್ತಿ ಕರಗಿದ ಮೇಲೆ ಮೂಸೆಯನ್ನು ಹೊರಗೆ ಎಳೆಯದೆ ಕುಲುಮೆಯಲ್ಲೇ ಆರಲು ಬಿಡಿ. ಅವಸರದಲ್ಲಿ ತಣಿಸಿದರೆ ಹರಳಿನ ಕವಲುಗಳು ತೀರ ಸಣ್ಣವಾಗುತ್ತವೆ, ಗೆರೆ ಕಣ್ಣಿಗೆ ಬೀಳುವುದಿಲ್ಲ.

ಕಷ್ಟವೆಲ್ಲ ಬಡಿಯುವುದರಲ್ಲಿ. ಗಟ್ಟಿಯನ್ನು ಮೊದಲು ಕಬ್ಬಿಣದ ಆಕ್ಸೈಡಿನ ಪುಡಿಯಲ್ಲಿ ಹುದುಗಿಸಿ 1200 ಡಿಗ್ರಿಯಲ್ಲಿ ಬೇಯಿಸಿದರೆ ಹೊರಮೈಯ ಇಂಗಾಲ ಹೋಗಿ ಮೆತ್ತನೆಯ ತೊಗಲು ಬರುತ್ತದೆ, ಬಿರುಕು ಕಡಿಮೆಯಾಗುತ್ತದೆ. ಆಮೇಲೆ ಶಾಖ 850ರಿಂದ 950 ಡಿಗ್ರಿಯ ನಡುವೆಯೇ ಇರಬೇಕು. ಮೇಲಿನ ಮಿತಿ ಕೇಪುಳ ಹೂವಿನ ಬಣ್ಣ. ಅದನ್ನು ಬಿಸಿಲಿನಲ್ಲಿ ಅಳೆಯಲಾಗದು, ಉರಿಯುವ ಕಬ್ಬಿಣವೂ ಮಂಕಾಗಿ ಕಾಣುತ್ತದೆ. ಕುಲುಮೆಗೆ ನೆರಳು ಬೇಕೆನ್ನುವುದು ಇದಕ್ಕೇ. ಕೆಳಗಿನ ಮಿತಿಗೆ ಎಚ್ಚರಿಕೆ ಅಯಸ್ಕಾಂತ: ತಣಿಯುತ್ತಿರುವ ತುಂಡು ಮತ್ತೆ ಅಂಟಿಕೊಂಡಿತೆಂದರೆ ಸುತ್ತಿಗೆ ಯಾವಾಗಲೋ ನಿಲ್ಲಬೇಕಿತ್ತು. ಆರಂಭದ ಏಟುಗಳು ಹಗುರವಾಗಿರಲಿ. ಅಂಚಿನಲ್ಲಿ ಕೂದಲೆಳೆ ಬಿರುಕು ಕಂಡರೆ ತಕ್ಷಣ ಅರ ಹಾಕಿ ತೆಗೆಯಬೇಕು. ‘ಬಡಿದರೆ ಮುಚ್ಚಿಕೊಳ್ಳುತ್ತದೆ’ ಎಂಬ ಸ್ಪ್ರಿಂಗ್ ಪ್ಲೇಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಮುಂದಿನ ಏಟಿಗೆ ಅದು ಬೆನ್ನಿನವರೆಗೆ ಓಡುತ್ತದೆ.

ಕಾಯಿಸಿ ಅದ್ದಿ ಹದ ಕೊಡುವಾಗ ನೀರು ಬೇಡ, ಎಣ್ಣೆ ಸಾಕು. ಶಾಖ 800 ಡಿಗ್ರಿ ಮೀರದಿರಲಿ. 1100ರ ಹತ್ತಿರ ಹೋದರೆ ಕಾರ್ಬೈಡ್ ಕಣಗಳೆಲ್ಲ ಕರಗಿ ಗೆರೆ ಅಳಿಸಿಹೋಗುತ್ತದೆ. ಗಾಬರಿ ಬೇಡ, ವೆನೇಡಿಯಂ ಕೂತ ಜಾಗ ಬಿಟ್ಟು ಹೋಗಿರುವುದಿಲ್ಲ. ತಗ್ಗಿನ ಶಾಖದಲ್ಲಿ ಮತ್ತೆ ಮತ್ತೆ ಕಾಯಿಸಿ ತಣಿಸಿದರೆ ಗೆರೆ ಮರಳುತ್ತದೆ.

ಉಜ್ಜಿ ಹೊಳಪು ಕೊಟ್ಟ ಅಲಗನ್ನು ಲೋಹವನ್ನು ಕೊರೆಯುವ ಫೆರಿಕ್ ಕ್ಲೋರೈಡಿನ ತೆಳು ದ್ರಾವಣದಲ್ಲಿ ಅರ್ಧ ನಿಮಿಷ ಅದ್ದಿ. ಏನೂ ಕಾಣದಿದ್ದರೆ ಆ ಮೆತ್ತನೆಯ ತೊಗಲು ಇನ್ನೂ ಉಳಿದಿದೆ ಎಂದರ್ಥ, ಇನ್ನಷ್ಟು ಉಜ್ಜಬೇಕು. ತೊಗಲು ಪೂರ್ತಿ ಹೋದಾಗ ಕಪ್ಪಾದ ಮೈಮೇಲೆ ಬೆಳ್ಳಗಿನ ಎಳೆಗಳು ಏಳುತ್ತವೆ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒರೆಸಿ, ಆಗಲೇ ಎಣ್ಣೆ ಸವರಿ. ನಮ್ಮ ಕಡಲ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಹಿಡಿಯುತ್ತದೆ.