‘ಡಿವೌರ್’ ಮುಂದೆ ‘ಆನ್’ ಬೇಡ

ಹೋಟೆಲ್ ವಿಮರ್ಶೆಗಳಲ್ಲಿ ‘ವಿ ಡಿವೌರ್ಡ್ ಆನ್ ಬಿರಿಯಾನಿ’ ಎಂದು ಬರೆಯುವುದು ಈಗ ತೀರಾ ಹೆಚ್ಚಾಗಿದೆ. ಗಬಗಬನೆ ತಿಂದು ಮುಗಿಸು ಎಂಬರ್ಥದ ಡಿವೌರ್ (devour) ಸಕರ್ಮಕ ಕ್ರಿಯಾಪದ, ಏನನ್ನು ತಿಂದದ್ದು ಎಂಬುದು ಅದರ ಪಕ್ಕದಲ್ಲೇ ನೇರವಾಗಿ ಬರುತ್ತದೆ. ‘ವಿ ಡಿವೌರ್ಡ್ ದ ಬಿರಿಯಾನಿ’ ಎಂದರೆ ಮುಗಿಯಿತು. ಆ ‘ಆನ್’ ಹೊಟ್ಟೆ ಬಿರಿಯ ತಿನ್ನು ಎಂಬರ್ಥದ ಗಾರ್ಜ್ (gorge) ಪದದ್ದು, ಇಲ್ಲಿ ಬಂದು ಅಂಟಿಕೊಂಡಿದೆ.

ಎರಡೂ ಹುಟ್ಟಿನಿಂದಲೇ ಬೇರೆ. ಲ್ಯಾಟಿನ್ನಿನಲ್ಲಿ ವೊರಾರೆ ಎಂದರೆ ನುಂಗುವುದು. ಅದಕ್ಕೆ ‘ಡೆ’ ಸೇರಿ ಡೆವೊರಾರೆ, ಅಂದರೆ ಪೂರ್ತಿ ನುಂಗಿಹಾಕುವುದು. ಹಳೆಯ ಫ್ರೆಂಚ್ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಕಾರ್ನಿವೋರ್, ಹರ್ಬಿವೋರ್, ಆಮ್ನಿವೋರ್ ಪದಗಳ ಕೊನೆಯಲ್ಲಿರುವುದೂ ಇದೇ ವೊರಾರೆ. ಹೊಟ್ಟೆಬಾಕ ಎಂಬರ್ಥದ ವೊರೇಷಸ್ ಕೂಡ ಅದೇ ಮನೆಯದು. ಗಾರ್ಜ್ ಬಂದದ್ದು ಗಂಟಲು ಎಂಬರ್ಥದ ಫ್ರೆಂಚ್ ಪದದಿಂದ. ಹಾಗಾಗಿ ಡಿವೌರ್‌ನಲ್ಲಿ ಲೆಕ್ಕಕ್ಕೆ ಬರುವುದು ತಟ್ಟೆ ಬರಿದಾದದ್ದು, ಗಾರ್ಜ್‌ನಲ್ಲಿ ಹೊಟ್ಟೆ ಬಿರಿದದ್ದು. ಹಸಿದವನು ಒಂದೇ ದೋಸೆಯನ್ನು ಗಬಗಬನೆ ತಿಂದು ಮುಗಿಸಿದರೂ ಅದು ಡಿವೌರ್. ಮದುವೆಮನೆಯಲ್ಲಿ ಕಂಠಪೂರ್ತಿ ಹೋಳಿಗೆ ತಿಂದು, ಇನ್ನಾಗದೆಂದು ಎಲೆಯಲ್ಲಿ ಒಂದು ಬಿಟ್ಟೆದ್ದರೆ ಅದು ಗಾರ್ಜ್: ‘ಹಿ ಗಾರ್ಜ್ಡ್ ಆನ್ ಹೋಳಿಗೆ’, ಇಲ್ಲವೇ ‘ಗಾರ್ಜ್ಡ್ ಹಿಮ್‌ಸೆಲ್ಫ್ ಆನ್ ಹೋಳಿಗೆ’. ನಮ್ಮ ಕಂಠಪೂರ್ತಿಯಲ್ಲೂ ಗಂಟಲೇ ಇರುವುದರಿಂದ ಇದನ್ನು ಮರೆಯಲು ಕಾರಣವೇ ಇಲ್ಲ.

ಇನ್ನೊಂದು ಎಡವಟ್ಟು, ಸೇವರ್ (savour) ಎನ್ನಬೇಕಾದಲ್ಲಿ ಡಿವೌರ್ ಎನ್ನುವುದು. ‘ಪ್ರತಿ ತುತ್ತನ್ನೂ ನಿಧಾನವಾಗಿ ಡಿವೌರ್ ಮಾಡಿದೆ’ ಎಂದರೆ ಏನು ಹೇಳಿದಂತಾಯಿತು? ಚಪ್ಪರಿಸಿ ತಿನ್ನುವುದು ಸೇವರ್, ಅದರ ಮೂಲ ರುಚಿ ಎಂಬರ್ಥದ ಲ್ಯಾಟಿನ್ನಿನ ಸಪೋರ್. ಬರಹದಲ್ಲಿ ಎರಡೂ ಒಂದೇ ಥರ ಮುಗಿಯುವುದರಿಂದ ಉಚ್ಚಾರಣೆಯೂ ಕೆಡುತ್ತದೆ. ಸೇವರ್‌ನಲ್ಲಿ ಒತ್ತು ಮೊದಲ ಭಾಗಕ್ಕೆ. ಡಿವೌರ್‌ನಲ್ಲಿ ಎರಡನೆಯದಕ್ಕೆ, ಗಂಟೆ ಎಂಬರ್ಥದ ಅವರ್‌ಗೆ ಪ್ರಾಸವಾಗುವಂತೆ. ‘ಡೆವರ್’ ಅಲ್ಲ. ಅಮೆರಿಕನ್ನರು ಸೇವರ್‌ನ ಯು ಅಕ್ಷರ ಬಿಡುತ್ತಾರೆ, ಡಿವೌರ್‌ನದನ್ನು ಬಿಡುವುದಿಲ್ಲ.

ಕಾಫಿಗೂ ಡಿವೌರ್ ಬೇಡ, ಗಟಗಟನೆ ಕುಡಿಯುವುದಕ್ಕೆ ಗಲ್ಪ್ ಇದೆ. ಹೆಬ್ಬಾವು ಮೇಕೆಯನ್ನು ಇಡಿಯಾಗಿ ನುಂಗಿದರೆ ಸ್ವಾಲೋ. ಚಿರತೆ ಕರುವನ್ನು ಕೊಂದು ಅರ್ಧ ತಿಂದು ಹೋಗಿದ್ದರೆ ಡಿವೌರ್ ಎಂದು ವರದಿ ಬರೆಯುವುದೂ ತಪ್ಪೇ, ಉಳಿದರ್ಧ ಅಲ್ಲೇ ಬಿದ್ದಿದೆಯಲ್ಲ. ಪುಸ್ತಕವನ್ನು ಒಂದೇ ಉಸಿರಿಗೆ ಓದಿ ಮುಗಿಸುವುದಕ್ಕೆ, ಬೆಂಕಿ ಕಾಡನ್ನು ಆಹುತಿ ತೆಗೆದುಕೊಳ್ಳುವುದಕ್ಕೆ ಇದು ಸರಿಯಾದ ಪದ.

ನಿಘಂಟಿನಲ್ಲಿ ‘ಕಬಳಿಸು’ ಎಂದಿರುವುದನ್ನು ನೋಡಿ ಕೆರೆ ಒತ್ತುವರಿಯ ಸುದ್ದಿಗೂ ಡಿವೌರ್ ಹಾಕುವವರಿದ್ದಾರೆ. ಭೂಕಬಳಿಕೆಗೆ ಇಂಗ್ಲಿಷಿನಲ್ಲಿ ರೂಢಿಯಾಗಿರುವುದು ಲ್ಯಾಂಡ್ ಗ್ರ್ಯಾಬಿಂಗ್; ಕರ್ನಾಟಕದ 2011ರ ಕಾಯ್ದೆಯ ಹೆಸರಿನಲ್ಲೂ ಅದೇ ಇದೆ.