ಕಪೋನ್ ಜೈಲಿಗೆ ಹೋಗಿದ್ದು ತೆರಿಗೆ ಕೇಸಿನಲ್ಲೇ ಯಾಕೆ?

1920ರ ದಶಕದಲ್ಲಿ ಅಮೆರಿಕದ ಷಿಕಾಗೋದಲ್ಲಿ ಗ್ಯಾಂಗ್ ನಡೆಸಿದ ಅಲ್ ಕಪೋನ್ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಕೊಲೆ, ಜೂಜು, ಕಳ್ಳ ಮದ್ಯ, ಎಲ್ಲದರಲ್ಲೂ ಹೆಸರು ಕೇಳಿಬಂದ ಮನುಷ್ಯ ಕೊನೆಗೆ ಇನ್‌ಕಂ ಟ್ಯಾಕ್ಸ್ ಕೇಸಿನಲ್ಲಿ ಯಾಕೆ ಸಿಕ್ಕಿಬಿದ್ದ? ಸಿನಿಮಾ ನೋಡಿದವರಿಗೆ ಕಳ್ಳಭಟ್ಟಿ ಒಡೆಯುವ ಫೆಡರಲ್ ಅಧಿಕಾರಿ ಎಲಿಯಟ್ ನೆಸ್ ನೆನಪಾಗುತ್ತಾರೆ. ಆದರೆ ಕಪೋನ್‌ನನ್ನು ಜೈಲಿಗೆ ಕಳಿಸಿದ ಕೇಸು ಕಟ್ಟಿದವರು ಬೇರೆಯೇ ಜನ. ಅವರ ಕೆಲಸ ಲೆಕ್ಕ ನೋಡುವುದು.

ಚರ್ಚುಗಳು, ಮಹಿಳಾ ಸಂಘಗಳು ಹಲವು ದಶಕ ನಡೆಸಿದ ಚಳವಳಿಯ ಫಲವಾಗಿ 1920ರ ಜನವರಿ 17ರಂದು ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬಂತು. ಮದ್ಯ ತಯಾರಿಕೆ, ಮಾರಾಟ, ಸಾಗಣೆ ಅಪರಾಧವಾಯಿತು. ಕುಡಿಯುವುದು ಮಾತ್ರ ಅಪರಾಧ ಆಗಲಿಲ್ಲ. ಅಂದರೆ ಗಿರಾಕಿ ಹಾಗೇ ಉಳಿದ, ಅಂಗಡಿಯ ಬಾಗಿಲಷ್ಟೇ ಮುಚ್ಚಿತು. ಆ ಗಿರಾಕಿ ಯಾರ ಬಳಿಗೆ ಹೋಗುತ್ತಾನೆ ಎಂದು ಮೊದಲೇ ಯೋಚಿಸಬೇಕಿತ್ತು, ಅಲ್ವಾ?

ಅಷ್ಟು ದೊಡ್ಡ ದೇಶಕ್ಕೆ ಶುರುವಿನಲ್ಲಿ ಇದ್ದದ್ದು ಸುಮಾರು 1,500 ಫೆಡರಲ್ ಏಜೆಂಟರು. 1927ರವರೆಗೆ ಈ ಕೆಲಸಕ್ಕೆ ಸಿವಿಲ್ ಸರ್ವಿಸ್ ನಿಯಮವೇ ಇರಲಿಲ್ಲ, ರಾಜಕೀಯ ಶಿಫಾರಸು ಸಾಕಿತ್ತು. ಸಂಬಳ ಕಡಿಮೆ, ಮಾಮೂಲು ಜಾಸ್ತಿ. ಷಿಕಾಗೋದಲ್ಲಂತೂ ಠಾಣೆಯಿಂದ ಸಿಟಿ ಹಾಲ್‌ವರೆಗೆ ಹಣ ಹರಿಯುತ್ತಿತ್ತು. ಸಾಕ್ಷಿ ಹೇಳುವವರಿಗೆ ಪ್ರಾಣಭಯ. 1926ರ ಏಪ್ರಿಲ್‌ನಲ್ಲಿ ವಿಲಿಯಂ ಮೆಕ್‌ಸ್ವಿಗಿನ್ ಎಂಬ ಯುವ ಸರ್ಕಾರಿ ವಕೀಲ ಗುಂಡೇಟಿಗೆ ಬಲಿಯಾದರು. 1929ರ ಫೆಬ್ರವರಿ 14ರಂದು ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದರು. ಎರಡೂ ಪ್ರಕರಣಗಳಲ್ಲಿ ಅನುಮಾನ ಕಪೋನ್ ಗುಂಪಿನ ಮೇಲಿತ್ತು, ಆದರೆ ಯಾರಿಗೂ ಶಿಕ್ಷೆಯಾಗಲಿಲ್ಲ.

ದಾರಿ ತೆರೆದದ್ದು ದಕ್ಷಿಣ ಕೆರೊಲಿನಾದ ಒಂದು ಸಣ್ಣ ಕೇಸು. ಮ್ಯಾನ್ಲಿ ಸಲಿವನ್ ಎಂಬ ಕಳ್ಳ ಮದ್ಯದ ವ್ಯಾಪಾರಿ ತೆರಿಗೆ ರಿಟರ್ನ್ ಸಲ್ಲಿಸಿರಲಿಲ್ಲ. ವ್ಯಾಪಾರವೇ ಅಕ್ರಮ, ಅದರ ಲೆಕ್ಕ ಕೊಟ್ಟರೆ ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಿದಂತೆ ಎಂಬುದು ಅವನ ವಾದ. ಇಲ್ಲಿ ಒಂದು ಪದದ ಕಥೆ ಇದೆ. 1913ರ ತೆರಿಗೆ ಕಾನೂನಿನಲ್ಲಿ 'ಕಾನೂನುಬದ್ಧ' ವ್ಯಾಪಾರದ ಆದಾಯ ಎಂದಿತ್ತು. 1916ರಲ್ಲಿ ಆ 'ಕಾನೂನುಬದ್ಧ' ಎಂಬ ಪದವನ್ನು ತೆಗೆದರು. 1927ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು, ಅಕ್ರಮ ಆದಾಯಕ್ಕೂ ತೆರಿಗೆ ಇದೆ, ರಿಟರ್ನ್ ಸಲ್ಲಿಸಲೇಬೇಕು ಎಂದಿತು. ಈ ಕೇಸನ್ನು ಅಲ್ಲಿಯವರೆಗೆ ಒಯ್ದವರಲ್ಲಿ ಸಹಾಯಕ ಅಟಾರ್ನಿ ಜನರಲ್ ಮೇಬಲ್ ವಿಲ್ಲೆಬ್ರಾಂಟ್ ಪ್ರಮುಖರು. ಅವರ ಹೆಸರು ಇಂದು ಯಾರಿಗೂ ನೆನಪಿಲ್ಲದಿರುವುದು ನನಗೆ ಬೇಸರದ ವಿಷಯ.

ಆಮೇಲೆ ಖಜಾನೆ ಇಲಾಖೆಯ ಗುಪ್ತಚರ ಘಟಕ ಕೆಲಸಕ್ಕಿಳಿಯಿತು. ಮುಖ್ಯಸ್ಥ ಎಲ್ಮರ್ ಐರಿ, ಷಿಕಾಗೋದಲ್ಲಿ ತನಿಖೆ ನಡೆಸಿದವರು ಫ್ರಾಂಕ್ ವಿಲ್ಸನ್. ಕಪೋನ್ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಲಿಲ್ಲ. ಫ್ಲೋರಿಡಾದ ಮನೆ ಹೆಂಡತಿಯ ಹೆಸರಿನಲ್ಲಿತ್ತು. ಎಲ್ಲವೂ ನಗದು. ಹಾಗಾಗಿ ಅಧಿಕಾರಿಗಳು ಖರ್ಚಿನ ಕಡೆಯಿಂದ ಹೊರಟರು. ಸೂಟು ಹೊಲಿದವರು, ಪೀಠೋಪಕರಣ ಮಾರಿದವರು, ಹೋಟೆಲಿನವರು, ಎಲ್ಲರನ್ನೂ ಕೂರಿಸಿ ಕೇಳಿದರು. ಇಷ್ಟು ಖರ್ಚು ಮಾಡಿದವನಿಗೆ ಆದಾಯ ಇರಲೇಬೇಕಲ್ಲ!

ಆದರೂ ಹಣ ಅವನದೇ ಎಂದು ತೋರಿಸುವ ಕಾಗದ ಬೇಕಿತ್ತು. ಅದು ಸಿಕ್ಕಿದ್ದು ಸರ್ಕಾರದ ಕಚೇರಿಯಲ್ಲೇ. ಮೆಕ್‌ಸ್ವಿಗಿನ್ ಕೊಲೆಯ ನಂತರ ಷಿಕಾಗೋ ಪಕ್ಕದ ಸಿಸೆರೋ ಪಟ್ಟಣದಲ್ಲಿ ಕಪೋನ್ ಗುಂಪಿನ ಜೂಜು ಅಡ್ಡೆಯೊಂದರ ಮೇಲೆ ದಾಳಿ ನಡೆದಿತ್ತು. ಆಗ ವಶಪಡಿಸಿಕೊಂಡ ಲೆಕ್ಕದ ಪುಸ್ತಕಗಳು ವರ್ಷಗಟ್ಟಲೆ ಧೂಳು ತಿನ್ನುತ್ತ ಬಿದ್ದಿದ್ದವು. ಅವುಗಳಲ್ಲಿ ಲಾಭ ಹಂಚಿದ ಲೆಕ್ಕವಿತ್ತು, 'ಅಲ್' ಎಂಬ ಹೆಸರೂ ಇತ್ತು. ಬರೆದವರು ಯಾರು? ಸಿಕ್ಕ ಸಿಕ್ಕ ದಾಖಲೆಗಳ ಕೈಬರಹವನ್ನು ಹೋಲಿಸುತ್ತಾ ಹೋದರು. ಕೊನೆಗೆ ಬ್ಯಾಂಕಿನ ಚಲನ್ ಒಂದರ ಬರಹ ತಾಳೆಯಾಯಿತು. ಲೆಕ್ಕ ಬರೆದ ಗುಮಾಸ್ತ ಲೆಸ್ಲಿ ಷಮ್‌ವೇ ಮಯಾಮಿಯಲ್ಲಿ ಸಿಕ್ಕಿದ. ಫ್ರೆಡ್ ರೀಸ್ ಎಂಬ ಕ್ಯಾಷಿಯರ್ ಕೂಡ ಬಾಯಿಬಿಟ್ಟ. ವಿಚಾರಣೆಯವರೆಗೆ ಅವನ ಜೀವ ಉಳಿಸಲು ದಕ್ಷಿಣ ಅಮೆರಿಕಕ್ಕೇ ಕಳಿಸಬೇಕಾಯಿತು. ಒಬ್ಬ ಸಾಕ್ಷಿಯನ್ನು ಸ್ವಂತ ದೇಶದಲ್ಲಿ ಕಾಪಾಡಲಾಗದ ಸ್ಥಿತಿ ಅದು. ಇತ್ತ ಕಪೋನ್‌ನ ವಕೀಲರೇ ರಾಜಿ ಮಾತುಕತೆಯಲ್ಲಿ ಅವನಿಗೆ ಆದಾಯ ಇತ್ತೆಂದು ಒಪ್ಪಿ ಪತ್ರ ಬರೆದುಕೊಟ್ಟಿದ್ದರು. ಅದೂ ಸಾಕ್ಷ್ಯವಾಯಿತು.

ನೆಸ್ ತಂಡದ ದಾಳಿಗಳೂ ಸುಮ್ನೆ ಹೋಗಲಿಲ್ಲ. ಕಪೋನ್ ಗುಂಪಿನ ಆದಾಯಕ್ಕೆ ಪೆಟ್ಟು ಬಿತ್ತು, 1931ರಲ್ಲಿ ಪಾನನಿಷೇಧ ಕಾಯ್ದೆಯಡಿ ಸುಮಾರು 5,000 ಉಲ್ಲಂಘನೆಗಳ ಆರೋಪಪಟ್ಟಿಯೂ ತಯಾರಾಯಿತು. ಅದು ವಿಚಾರಣೆಗೆ ಬರಲೇ ಇಲ್ಲ.

ತೆರಿಗೆ ಕೇಸಿನಲ್ಲಿ ತಪ್ಪೊಪ್ಪಿಕೊಂಡರೆ ಕಡಿಮೆ ಶಿಕ್ಷೆ ಎಂಬ ಒಪ್ಪಂದ ಆಗಿತ್ತು. ನ್ಯಾಯಾಧೀಶ ಜೇಮ್ಸ್ ವಿಲ್ಕರ್ಸನ್ ಅದಕ್ಕೆ ಒಪ್ಪಲಿಲ್ಲ. ಜ್ಯೂರಿಗೆ ಆಮಿಷ ಹೋಗಿದೆ ಎಂಬ ಸುಳಿವು ಸಿಕ್ಕಾಗ ಪಟ್ಟಿಯನ್ನೇ ಬದಲಾಯಿಸಿದರು. 1931ರ ಅಕ್ಟೋಬರ್ 17ರಂದು ಐದು ಆರೋಪಗಳು ಸಾಬೀತಾದವು. ಒಂದು ವಾರದ ನಂತರ 11 ವರ್ಷ ಜೈಲು, 50,000 ಡಾಲರ್ ದಂಡ.

1933ರ ಡಿಸೆಂಬರ್ 5ರಂದು ಪಾನನಿಷೇಧವೇ ರದ್ದಾಯಿತು. ಕಪೋನ್ ಆಗ ಜೈಲಿನಲ್ಲಿದ್ದ. 1939ರಲ್ಲಿ ಕಾಯಿಲೆಯಿಂದ ಕುಗ್ಗಿಹೋಗಿ ಹೊರಬಂದ, 1947ರ ಜನವರಿಯಲ್ಲಿ ಫ್ಲೋರಿಡಾದ ಮನೆಯಲ್ಲಿ ತೀರಿಕೊಂಡ. ಮೆಕ್‌ಸ್ವಿಗಿನ್ ಸತ್ತಿದ್ದಕ್ಕೆ ಆ ಲೆಕ್ಕದ ಪುಸ್ತಕಗಳು ಸಿಕ್ಕವು. ತೆರಿಗೆ ಬಾಕಿ ಎಷ್ಟೆಂದು ಅವು ಹೇಳಿದವು. ಮೆಕ್‌ಸ್ವಿಗಿನ್‌ಗೆ ಗುಂಡು ಹೊಡೆದದ್ದು ಯಾರೆಂದು ಯಾವ ಕೋರ್ಟೂ ಹೇಳಲಿಲ್ಲ.